ಬೆರಳು ಇನ್ನೊಮ್ಮೆ ಇಡಿ

ಊದುಬತ್ತಿಯ ಖಾಲಿ ಡಬ್ಬಿಗೆ ಬ್ಲೇಡಿನಿಂದ ಕಿಟಕಿ ಕೊರೆದು
‘ತಗೋ, ಇದೇ ನಿನ್ನ ಕ್ಯಾಮೆರಾ’ ಅಂದಿದ್ದರು ಮಾಯಿಗಯ್ಯ,
ಇಟ್ಟಿಗೆಗೂಡಿನ ಸ್ಟುಡಿಯೋ ಜಗಲಿ ಮೇಲೆ,
ಝೂ ಗೋಡೆಯಾಚೆ ಸಿಂಹ ಆಕಳಿಸುವ ಹೊತ್ತು.
ಎರಡು ತಿಂಗಳು ಅದೇ ರಟ್ಟು.
ಒಂದೂ ಕ್ಲಿಕ್ ಇಲ್ಲ.

‘ಮೊದಲು ಗೆರೆ ಹುಡುಕು.
ಗೆರೆ ಅಂದ್ರೆ ಬರೆದಿದ್ದಲ್ಲ, ಕಣ್ಣು ನಡೆಯೋ ದಾರಿ.’
ನಾನು ತಂದೆ: ಕುಕ್ಕರಹಳ್ಳಿ ಕೆರೆ ಏರಿ ಬಾಗುವ ಕಡೆ
ಜೊತೆಗೇ ಬಾಗಿದ ಬೇಲಿ,
ಕರೆಂಟಿನ ತಂತಿ, ಮೇಲೊಂದು ಕಾಗೆ.
‘ಕಾಗೆ ಯಾರಿಗೂ ಸಿಗುತ್ತೆ.
ಅದು ಹಾರಿದ ಮೇಲೆ ತಂತಿ ಅಲ್ಲಾಡುತ್ತಲ್ಲ,
ಸಿಕ್ತಾ?’
ಸಿಕ್ಕಿರಲಿಲ್ಲ.

ದುಂಡು ಕಲಿಸಿದ್ದು ಬದನೆಕಾಯಿ.
ದೀಪ ಆರಿಸಿ, ಕಿಟಕಿಯ ಒಂದೇ ಕದ ತೆರೆದು
ಈರನಗೆರೆ ಬದನೆಯನ್ನು ಗಿರಾಕಿಯ ಹಾಗೆ ಸ್ಟೂಲಿನ ಮೇಲೆ ಕೂರಿಸಿ
‘ಕತ್ತಲೆ ಎಲ್ಲಿಂದ ಶುರು, ತೋರಿಸು’ ಅಂದರು.
ಬೆರಳು ಚಾಚಿದೆ, ಇಡಲು ಜಾಗ ಸಿಗಲಿಲ್ಲ.
ಬೆಳಕು ಮುಗಿದದ್ದೂ ನೆರಳು ಮೊದಲಾದದ್ದೂ
ಒಂದೇ ಸಿಪ್ಪೆಯ ಮೇಲೆ.
‘ಗಡಿ ಇದ್ದಿದ್ರೆ ಅದು ಬರೀ ರೊಟ್ಟಿ.’
ಮಧ್ಯಾಹ್ನ ಅವರ ಹೆಂಡತಿ ವಾಂಗೀಬಾತು ಮಾಡಿದರು.
ಪಾಠ ತಿಂದು ಕೈ ತೊಳೆದೆವು.

ಬಣ್ಣದ ಮೇಲೆ ಮಾತ್ರ ಅವರಿಗೆ ಸಿಟ್ಟು.
ದೇವರಾಜ ಮಾರ್ಕೆಟ್ಟಿನ ಕುಂಕುಮದ ಗುಡ್ಡೆ ಅಂದರೆ
‘ಬಸ್ಸಿಳಿದೋರೆಲ್ಲ ಅದನ್ನೇ ತೆಗೀತಾರೆ.
ಬಣ್ಣ ಲಂಚ ಇದ್ದಂಗೆ ಕಣವ್ವ,
ಕಣ್ಣಿಗೆ ಕೊಟ್ಟು ಕೆಲಸ ಮಾಡಿಸ್ಕೊಳ್ಳುತ್ತೆ.
ಗುಡ್ಡೆ ಮಾರೋನ ಉಗುರು ನೋಡಿದ್ಯಾ?’
ಮರುದಿನ ಹೋಗಿ ನೋಡಿದೆ.
ನೀಲಿ, ಹಳದಿ, ಕೆಂಪು ಎಲ್ಲ ಕೂಡಿ
ಹೆಸರಿಲ್ಲದ ಒಂದು ಕಂದು, ಉಗುರಿನ ಸಂದಿಯಲ್ಲಿ.

ಈಗ ನಾನು ಉದಯಗಿರಿಯ ಸೇವಾಕೇಂದ್ರದಲ್ಲಿ
ಗುರುತಿನ ಚೀಟಿಗೆ ಮುಖ ಹಿಡಿಯುತ್ತೇನೆ.
ದಿನಕ್ಕೆ ಐವತ್ತು, ಅರವತ್ತು.
ಹಿಂದೆ ಬಿಳಿ ಪರದೆ. ಮುಖ ನಟ್ಟನಡುವೆ.
ನೆರಳು ಬೀಳಕೂಡದು. ನಗಕೂಡದು.
ಕಲಿತದ್ದೆಲ್ಲ ಇಲ್ಲಿ ತಪ್ಪು, ತಪ್ಪಿಗೊಂದು ಕೆಂಪು ಚೌಕ.

ಮೊನ್ನೆ ಬಂದವರು ಜೈಬುನ್ನೀಸಾ, ಅರವತ್ತೆಂಟು,
ಎಂಟರ ವಯಸ್ಸಿಂದ ಊದುಬತ್ತಿ ಹೊಸೆದ ಕೈ.
ಗಾಜಿನ ಮೇಲೆ ಇಟ್ಟರು. ಗೆರೆ ಇಲ್ಲ ಅಂದಿತು ಯಂತ್ರ.
ಬೆರಳು ಇನ್ನೊಮ್ಮೆ ಇಡಿ ಅಂದೆ.
ಒರೆಸಿ ಇಡಿ ಅಂದೆ. ಒತ್ತಿ ಇಡಿ ಅಂದೆ.
ಹತ್ತಕ್ಕೆ ಹತ್ತೂ ನುಣುಪು,
ಯಾರ ತಲೆಯೆಂದು ತಿಳಿಯದಷ್ಟು ಸವೆದ ಪಾವಲಿ.
‘ಎಲ್ಲಿ ಹೋಯ್ತಮ್ಮಾ ಗೆರೆ?’
ರೇಗಿಯೇ ಕೇಳಿದೆ, ಸಾಲು ಬಾಗಿಲು ದಾಟಿತ್ತು.
‘ಸುಟ್ಟೋಯ್ತು ಬೇಟಿ, ದೇವ್ರ ಮುಂದೆ.
ನಿಮ್ ಗುಡಿ, ನಮ್ ದರ್ಗಾ, ಚರ್ಚು, ಎಲ್ಲಾ ಕಡೆ
ಸ್ವಲ್ಪ ಸ್ವಲ್ಪ.’
ನಗಕೂಡದು. ನಕ್ಕುಬಿಟ್ಟರು,

ನಗುತ್ತಾ ಬಾಗಿಲ ಕಡೆ ಅರ್ಧ ಹೊರಳಿದರು.
ಹನ್ನೊಂದರ ಬಿಸಿಲು ಕೆನ್ನೆ ಏರಿತು,
ಎಲ್ಲಿ ಮುಗಿಯಿತೋ ಬೆರಳಿಡಲು ಜಾಗವಿಲ್ಲ.
ಕಣ್ಣ ಕೊನೆಯಿಂದ ಹೊರಟ ಏಳೆಂಟು ಗೆರೆ
ಸೆರಗಿನೊಳಗೆ ಇಳಿದುಹೋದವು.
ಅವರು ನೋಡುವ ಕಡೆಗೆ ಬೇಕಾದಷ್ಟು ಬಿಳಿ, ಖಾಲಿ.
‘ನೋಟಕ್ಕೆ ಜಾಗ ಬಿಡು,
ಬಸ್ಸಲ್ಲಿ ಬಸುರಿಗೆ ಬಿಟ್ಟಂಗೆ.’

ಒತ್ತಿದೆ.
ಕೆಂಪು ಚೌಕ.
ಅಳಿಸಿದೆ, ಅಳಿಸಲೇಬೇಕು.
ನೆಟ್ಟಗೆ ಕೂರಿಸಿ, ನಗು ಬೇಡಮ್ಮ ಅಂದು
ಇನ್ನೊಂದು ತೆಗೆದೆ: ಹಸಿರು.
ಬೆರಳಿಗೆ ಬದಲು ಕಣ್ಣಿನ ಪಾಪೆ ಸಾಕೆಂದು ಒಪ್ಪಿತು ಯಂತ್ರ.

ರಸೀದಿಯ ಮೇಲಿನ ಮುಖವನ್ನು ದೂರ ಹಿಡಿದು, ಹತ್ತಿರ ಹಿಡಿದು
‘ಇದು ಯಾರು?’ ಅಂತ ಕೇಳಿ, ಉತ್ತರ ಕಾಯದೆ ಹೋದರು.
ಗಾಜಿನ ಮೇಲೆ ಕರಿಪುಡಿಯ ಮಸುಕು, ಸಾಂಬ್ರಾಣಿ ವಾಸನೆ.
ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇದೆ.
ಮುಂದಿನವರು, ಅಂತ ಕೂಗಬೇಕು.
ಒಂದು ಕಾಲು ಗಿಡ್ಡವಾದ ಸ್ಟೂಲು
ಇನ್ನೂ ಅಲ್ಲಾಡುತ್ತಿದೆ.